ಗಾಳಿ ನಿಂತರೂ ಮಳಿ ನಿಲ್ಲೋದಿಲ್ಲ!

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತೆಂದರೆ ಬಗದಲ್, ಭಾಲ್ಕಿ, ಔರಾದ್ ಕಡೆಯ ಜನ ‘ಸಮುದ್ರ ಎಲ್ಲೋ, ನಾವೆಲ್ಲೋ’ ಎಂದು ಸುಮ್ಮನಾಗುವುದು ರೂಢಿ. ಅದು ಆಂಧ್ರದ ದಂಡೆ ದಾಟಿ ‘ದುರ್ಬಲಗೊಂಡಿದೆ’ ಎಂಬ ಸುದ್ದಿ ಬಂದ ಮೇಲಂತೂ ಕೇಳುವುದೇ ಬೇಡ. ಅಂಗಡಿಯ ಚೀಲಗಳು ನೆಲದ ಮೇಲೇ ಇರುತ್ತವೆ, ಕೊಯ್ದ ಸೋಯಾ ಹೊಲದಲ್ಲೇ ಬಿದ್ದಿರುತ್ತದೆ. ಆದರೆ ದಂಡೆಯವರಿಗೆ ಅಪಾಯ ಮುಗಿದ ದಿನವೇ ಬೀದರ್ ಜಿಲ್ಲೆಗೆ ಅಪಾಯ ಶುರುವಾಗುತ್ತದೆ ಎಂಬ ಮಾತು ಯಾರ ತಲೆಗೂ ಹೋದಂತಿಲ್ಲ.

ಹಿಂದಿನದನ್ನು ನೆನಪಿಸಿಕೊಂಡರೆ ಸಾಕು. 2020ರ ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ಸೇರಿದ್ದು ಚಂಡಮಾರುತವೂ ಅಲ್ಲ, ಬರೀ ತೀವ್ರ ವಾಯುಭಾರ ಕುಸಿತ. ಅದಕ್ಕೊಂದು ಹೆಸರೂ ಇರಲಿಲ್ಲ. ಅದೇ ಹೈದರಾಬಾದಿನ ಬಡಾವಣೆಗಳನ್ನು ಮುಳುಗಿಸಿ, ಉತ್ತರ ಕರ್ನಾಟಕದ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಹೋಯಿತು. ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ಊರುಗಳಿಗೆ ನುಗ್ಗಿತು. ಮರುವರ್ಷ ಸೆಪ್ಟೆಂಬರ್ 26ರಂದು ಕಳಿಂಗಪಟ್ಟಣಂ ಬಳಿ ದಡ ದಾಟಿದ ‘ಗುಲಾಬ್’ ಗಾಳಿ ಕಳೆದುಕೊಂಡ ಮೇಲೆ ತೆಲಂಗಾಣ, ಮರಾಠವಾಡಾಗಳಲ್ಲಿ ಸುರಿದು, ಧನೇಗಾಂವದ ಮಾಂಜ್ರಾ ಅಣೆಕಟ್ಟೆಯ ಗೇಟು ತೆರೆಸಿತು. ಆ ನೀರಿನ ದಾರಿ ಭಾಲ್ಕಿ, ಔರಾದಿನ ಕಡೆಗೇ ಅಲ್ಲವೇ? ಗುಲಾಬಿನ ಉಳಿಕೆ ಮುಂದೆ ಅರಬ್ಬಿ ಸಮುದ್ರದಲ್ಲಿ ‘ಶಾಹೀನ್’ ಎಂಬ ಹೊಸ ಹೆಸರು ಪಡೆದು ಒಮಾನಿಗೆ ಬಡಿಯಿತು. ಪೂರ್ವದಲ್ಲೊಂದು ಹೆಸರು, ಪಶ್ಚಿಮದಲ್ಲೊಂದು ಹೆಸರು. ನಡುವಿನ ನಾಡಿಗೆ ಮಾತ್ರ ಹೆಸರಿಲ್ಲದ ಮಳೆ!

ಇದರ ಗುಟ್ಟು ಸರಳ. ಚಂಡಮಾರುತಕ್ಕೆ ಮೇವು ಸಮುದ್ರದ ಬಿಸಿನೀರು. ನೆಲಕ್ಕೆ ಬಂದರೆ ಮೇವು ತಪ್ಪುತ್ತದೆ, ಗಾಳಿ ಸೊರಗುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿ.ಮೀ.ಗಿಂತ ಇಳಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಚಂಡಮಾರುತವಲ್ಲ. ಆದರೆ ಹೊತ್ತು ತಂದ ನೀರು ಎಲ್ಲಿ ಹೋದೀತು? ಬೇಗ ಸಾಗಿದರೆ ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿ ಹೋಗುತ್ತದೆ. ಎತ್ತಿನ ಬಂಡಿಯಂತೆ ತೆವಳಿದರೆ ಒಂದೇ ತಾಲೂಕಿನ ಮೇಲೆ ಎರಡು ದಿನ ಜಡಿ ಹಿಡಿಯುತ್ತದೆ. 100 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4 ಲಕ್ಷ ಲೀಟರ್ ನೀರು. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲ ಅಷ್ಟಿಷ್ಟು ಕುಡಿದೀತು. ಭಾಲ್ಕಿ, ಔರಾದಿನ ಎರೆಭೂಮಿಯ ಹೊಟ್ಟೆ ಒಮ್ಮೆ ತುಂಬಿತೋ, ಮುಂದಿನ ನೀರೆಲ್ಲ ಹಳ್ಳಕ್ಕೆ.

ಅದೂ ಬರುವುದು ಎಂಥ ಹೊತ್ತಿನಲ್ಲಿ? ಹಸ್ತ, ಚಿತ್ತಿ ಮಳೆಗಳ ಕಾಲಕ್ಕೆ, ಸೋಯಾ ಕೊಯ್ಲಿನ ವೇಳೆಗೆ. ನೆನೆದ ಕಾಯಿ ಗಿಡದಲ್ಲೇ ಮೊಳಕೆಯೊಡೆದರೆ ಗಂಜಿನಲ್ಲಿ ಕೇಳುವವರಿಲ್ಲ. ಹೊಲ ಹೋದರೆ ಅಂಗಡಿಯೂ ಹೋಯಿತೆಂದೇ ತಿಳಿಯಬೇಕು. ರೈತನ ಉದ್ರಿ ಖಾತೆ ದೀಪಾವಳಿಗೂ ಚುಕ್ತಾ ಆಗುವುದಿಲ್ಲ. ಕಿರಾಣಿ, ಬಟ್ಟೆ, ಪಾತ್ರೆ ಎಲ್ಲ ವ್ಯಾಪಾರಕ್ಕೂ ಅದೇ ಗತಿ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಇಟ್ಟಿದೆ. ಲೆಕ್ಕ ತಾನಾಗಿಯೇ ಬೆಂಗಳೂರಿಗೆ ಹೋಗುತ್ತದೆ. ಬೆಂಗಳೂರಿಗೆ ಹೋದ ಲೆಕ್ಕ ಬಗದಲ್ಲಿನ ಬಸ್ ಕಾಯುವವನಿಗೂ ಮುಟ್ಟಬೇಕು. ಎಲ್ಲಿ ಎಷ್ಟು ಬಿದ್ದಿದೆ, ಯಾವ ಸೇತುವೆ ಮೇಲೆ ನೀರು ಬಂದಿದೆ ಎಂದು ನಿಲ್ದಾಣದಲ್ಲಿ ಬರೆದು ಹಾಕಲು ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ ಸಾಕು. ತಗ್ಗು ಸೇತುವೆಗಳಿಗೆ ನೀರಿನ ಮಟ್ಟ ತೋರಿಸುವ ಕಂಬ ನೆಡಬೇಕು. ‘ಹೋಗ್ಲಿ ಬಿಡ್ರಿ ಡ್ರೈವರ್ ಸಾಹೇಬ್ರ, ಏನಾಗಲ್ಲ’ ಎಂದು ಹುರಿದುಂಬಿಸುವ ಪ್ರಯಾಣಿಕರೂ ಸ್ವಲ್ಪ ಬಾಯಿ ಬಿಗಿಹಿಡಿಯುವುದು ಒಳ್ಳೆಯದು.

ಇನ್ನು ಬೆಳೆ ವಿಮೆ. ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆಗೆ 14 ದಿನದವರೆಗೆ ರಕ್ಷಣೆಯುಂಟು; ಆದರೆ ಹಾನಿಯಾದ 72 ತಾಸಿನೊಳಗೆ ತಿಳಿಸಬೇಕು. ಕರೆಂಟಿಲ್ಲ, ಫೋನಿಲ್ಲ, ಹಳ್ಳ ದಾಟುವಂತಿಲ್ಲ. ಮಳೆಯೇ ಎರಡು ದಿನ ತಿಂದರೆ ಉಳಿಯುವುದೆಷ್ಟು? ಅಂಥ ದಿನಗಳಲ್ಲಿ ರೈತ ಸಂಪರ್ಕ ಕೇಂದ್ರದವರೇ ಊರೂರಿಗೆ ಹೋಗಿ ಅರ್ಜಿ ಬರೆಸಿಕೊಳ್ಳಲಿ.

‘ದುರ್ಬಲಗೊಂಡಿದೆ’ ಎಂಬ ಸುದ್ದಿ ಬಂದ ಸಂಜೆ ಕಚೇರಿಗಳ ಬಾಗಿಲು ಮುಚ್ಚಬಾರದು. ಅವತ್ತೇ ಚರಂಡಿಯ ಬಾಯಿ ತೆರೆಯಬೇಕು, ಅಂಗಡಿಯ ಚೀಲ ಹಲಗೆ ಏರಬೇಕು.