ಉಪಪತ್ತಿಯ ಭಾಷೆ

ಕೆಲವು ವರ್ಷಗಳ ಹಿಂದಿನ ಮಾತು. ಎಂ.ಎಸ್‌ಸಿ. ಗಣಿತದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದ ತರುಣನೊಬ್ಬನು ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಬಂದಿದ್ದನು. ಸಂದರ್ಶಕ ಮಂಡಲಿಯ ಒಂದು ಮೂಲೆಯಲ್ಲಿ ಕುಳಿತಿರುವ ಅವಕಾಶ ನಮಗೂ ಒದಗಿತ್ತು. ಹೈನೆ ಮತ್ತು ಬೊರೆಲ್ ಇವರ ಹೆಸರಿನಿಂದ ಪ್ರಸಿದ್ಧವಾದ ಪ್ರಮೇಯವನ್ನು ಸಾಧಿಸಿ ತೋರಿಸಬೇಕೆಂದು ಕೇಳಿದುದೇ ತಡ, ಆತನು ಸೀಮೆಸುಣ್ಣವನ್ನು ಕೈಗೆತ್ತಿಕೊಂಡು ಹತ್ತು ನಿಮಿಷಗಳಲ್ಲಿ ಕರಿಹಲಗೆಯನ್ನು ತುಂಬಿಬಿಟ್ಟನು. ಒಂದು ಅಕ್ಷರವೂ ತಪ್ಪಿರಲಿಲ್ಲ. ಆಗ ಮಂಡಲಿಯ ಹಿರಿಯರೊಬ್ಬರು, ಸೊನ್ನೆಗೂ ಒಂದಕ್ಕೂ ನಡುವೆ ಇರುವ, ಆದರೆ ಆ ಎರಡು ತುದಿಗಳನ್ನು ಒಳಗೊಳ್ಳದ ಅಂತರಾಳವು 'ಕಾಂಪ್ಯಾಕ್ಟ್' ಹೌದೋ ಅಲ್ಲವೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. 'ಅಲ್ಲ' ಎಂದನು. ಏಕೆ? ಅದು ಸಂವೃತವಲ್ಲ, ಪ್ರಮೇಯವು ಹಾಗೆ ಹೇಳುತ್ತದೆ. ಪ್ರಮೇಯವು ಹಾಗಿರಲಿ, ಪದದ ಅರ್ಥವನ್ನೇ ಹಿಡಿದು ತೋರಿಸು ಎಂದರು. ಆತನು ನೆಲವನ್ನು ನೋಡತೊಡಗಿದನು. ಹುದ್ದೆ ಬೇರೊಬ್ಬನ ಪಾಲಾಯಿತು.

ಸಂಜೆ ಪಡಸಾಲೆಯಲ್ಲಿ ಆತನು ಮತ್ತೆ ಎದುರಾದನು. ಮಲೆನಾಡಿನ ಕಡೆಯ ಹುಡುಗ. ಹೈಸ್ಕೂಲಿನವರೆಗೆ ಕನ್ನಡದಲ್ಲಿಯೇ ಓದಿದವನು. ಸಮಾಧಾನದ ಮಾತಾಡಲು ಹೋದ ನಾವು ಅದೇ ಪ್ರಶ್ನೆಯನ್ನು ಮನೆಯ ಭಾಷೆಯಲ್ಲಿ ಇನ್ನೊಮ್ಮೆ ಎತ್ತಿದೆವು. ಒಂದು ಅಂಗಳಕ್ಕೆ ಚಾಪೆ ಹಾಸುತ್ತಿದ್ದೇವೆ ಎಂದು ಭಾವಿಸು. ಮೊದಲನೆಯ ಚಾಪೆ ಅರ್ಧದಿಂದ ಒಂದರವರೆಗೆ, ಎರಡನೆಯದು ಮೂರನೆಯ ಒಂದರಿಂದ ಒಂದರವರೆಗೆ, ಮೂರನೆಯದು ಕಾಲಿನಿಂದ ಒಂದರವರೆಗೆ, ಹೀಗೆಯೇ ಮುಂದೆ. ಎಲ್ಲ ಚಾಪೆಗಳೂ ಸೇರಿದರೆ ಬರಿಯ ನೆಲ ಎಲ್ಲಿಯಾದರೂ ಉಳಿದೀತೆ? ಆತನು ಕಿಟಕಿಯ ಸರಳಿನ ಮೇಲೆ ಬೆರಳನ್ನು ಎಡಕ್ಕೆ ಸರಿಸುತ್ತ, 'ಉಳಿಯುವುದಿಲ್ಲ' ಎಂದನು. ಹಾಗಾದರೆ ಅವುಗಳಲ್ಲಿ ನೂರನ್ನು ಮಾತ್ರ ಆರಿಸಿಕೊಳ್ಳುವುದಾದರೆ? ಬೆರಳು ಅರೆನಿಮಿಷ ನಿಂತಿತು. 'ನೂರರಲ್ಲಿ ಎಲ್ಲಕ್ಕಿಂತ ಉದ್ದವಾದುದು ಯಾವುದೋ ಅದೊಂದೇ ಲೆಕ್ಕ. ಅದರ ಎಡಕ್ಕೆ ಸೊನ್ನೆಯ ಬಳಿ ಸ್ವಲ್ಪ ಜಾಗ ಉಳಿದೇ ಉಳಿಯುತ್ತದೆ. ಸಾವಿರವಾದರೂ ಅಷ್ಟೇ… ಅಷ್ಟೇನಾ ಸಾರ್!' ಎಂದು ಉದ್ಗರಿಸಿದನು. ಎಷ್ಟೇ ತೆರಪುಗಣಗಳಿಂದ ಹೊದಿಸಿದರೂ ಅವುಗಳಲ್ಲಿ ಕೆಲವೇ ಸಾಕಾಗುವಂತಿದ್ದರೆ ಆ ಗಣವು ಕಾಂಪ್ಯಾಕ್ಟ್. ಇಲ್ಲಿ ಕೆಲವು ಸಾಲವು. ಆದುದರಿಂದ ಇದು ಕಾಂಪ್ಯಾಕ್ಟ್ ಅಲ್ಲ. ಬೆಳಿಗ್ಗೆ ನಷ್ಟವಾದ ಹುದ್ದೆಯ ಉತ್ತರವು ಸಂಜೆ ಐದು ನಿಮಿಷಗಳಲ್ಲಿ ದೊರಕಿತು. ಆ ಐದು ನಿಮಿಷಗಳು ಆತನಿಗೆ ವಿಶ್ವವಿದ್ಯಾನಿಲಯದ ಎರಡು ವರ್ಷಗಳಲ್ಲಿ ಏಕೆ ದೊರೆಯಲಿಲ್ಲ ಎಂಬ ಚಿಂತೆಯು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಗಣಿತದ ಸ್ನಾತಕೋತ್ತರ ತರಗತಿಯನ್ನು ಹೊಕ್ಕ ವಿದ್ಯಾರ್ಥಿಯು ನಿಜವಾಗಿ ಒಂದು ಹೊಸ ದೇಶವನ್ನೇ ಹೊಗುತ್ತಾನೆ. ಬಿ.ಎಸ್‌ಸಿ.ಯವರೆಗೆ ಅವನನ್ನು ಕೇಳುತ್ತಿದ್ದ ಪ್ರಶ್ನೆ 'ಎಷ್ಟು?' ಎಂಬುದು. ಈ ಅನುಕಲನದ ಬೆಲೆ ಎಷ್ಟು, ಈ ಸಮೀಕರಣದ ಮೂಲಗಳು ಯಾವುವು ಎಂದು ಕೇಳುತ್ತಿದ್ದರು, ಕೈಚಳಕವಿದ್ದವನು ಗೆಲ್ಲುತ್ತಿದ್ದನು. ಇಲ್ಲಿ ಪ್ರಶ್ನೆ 'ಏಕೆ?' ಎಂಬುದಾಗಿ ತಿರುಗುತ್ತದೆ. ವಾಸ್ತವ ವಿಶ್ಲೇಷಣೆ, ಬೀಜಗಣಿತ, ಟೊಪಾಲಜಿ, ಸಂಕೀರ್ಣ ಚರಗಳ ಶಾಸ್ತ್ರ, ಅವಕಲ ಸಮೀಕರಣಗಳು ಇವೆಲ್ಲವೂ ನಾಲ್ಕು ಸೆಮಿಸ್ಟರುಗಳಲ್ಲಿ ಒಂದರ ಹಿಂದೊಂದು ಬಂದು ಮೇಲೆ ಬೀಳುತ್ತವೆ. ಪಠ್ಯಕ್ರಮವನ್ನು ಮುಗಿಸಬೇಕೆಂಬ ಧಾವಂತ ಅಧ್ಯಾಪಕರದು. ಬರೆದುಕೊಂಡುದನ್ನು ಉಳಿಸಿಕೊಳ್ಳಬೇಕೆಂಬ ಧಾವಂತ ವಿದ್ಯಾರ್ಥಿಯದು. ಅರ್ಥವಾಗದುದನ್ನು ಬಾಯಿಪಾಠ ಮಾಡುವುದೊಂದೇ ಆಗ ಉಳಿಯುವ ದಾರಿ. ಪದ್ಯವನ್ನು ಬಾಯಿಪಾಠ ಮಾಡಿದವನಿಗೆ ಕೊನೆಗೆ ಪದ್ಯವಾದರೂ ಉಳಿಯುತ್ತದೆ. ಉಪಪತ್ತಿಯನ್ನು ಬಾಯಿಪಾಠ ಮಾಡಿದವನಿಗೆ ಏನೂ ಉಳಿಯದು.

ಭಾಷೆಯ ಮಾತು ಬರುವುದು ಇಲ್ಲಿಯೇ. ಉನ್ನತ ಗಣಿತದಲ್ಲಿ ಚಿಹ್ನೆಗಳೇ ಭಾಷೆ, ಇಂಗ್ಲಿಷಾದರೇನು ಕನ್ನಡವಾದರೇನು ಎಂದು ವಾದಿಸುವ ಮಿತ್ರರಿದ್ದಾರೆ. ನಮಗೆ ಹಾಗೆ ತೋರದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಾಯರ್‌ಸ್ಟ್ರಾಸ್ ಮೊದಲಾದವರು ಗಟ್ಟಿಗೊಳಿಸಿಕೊಟ್ಟ ವಿಶ್ಲೇಷಣೆಯ ಜೀವವೆಲ್ಲ 'ಪ್ರತಿಯೊಂದು', 'ಒಂದಾದರೂ ಉಂಟು' ಎಂಬ ಎರಡು ಸಾಧಾರಣ ಮಾತುಗಳ ಮುಂದುಹಿಂದಿನಲ್ಲಿದೆ. 'ಪ್ರತಿಯೊಂದು ಬೀಗಕ್ಕೂ ಒಂದು ಕೀಲಿಕೈ ಉಂಟು' ಎಂಬುದು ಒಂದು ಮಾತು. 'ಎಲ್ಲ ಬೀಗಗಳಿಗೂ ಸಲ್ಲುವ ಒಂದು ಕೀಲಿಕೈ ಉಂಟು' ಎಂಬುದು ಬೇರೆಯೇ ಮಾತು. ಇವೆರಡರ ಅಂತರವನ್ನು ಕಾಣಲು ನಮ್ಮ ಅಜ್ಜಿಯರಿಗೂ ಕಷ್ಟವಿಲ್ಲ. ಅವಿಚ್ಛಿನ್ನತೆಗೂ ಏಕರೂಪದ ಅವಿಚ್ಛಿನ್ನತೆಗೂ ಇರುವ ಅಂತರವು ತತ್ತ್ವತಃ ಇಷ್ಟೇ: ಮೊದಲನೆಯದರಲ್ಲಿ ಬಿಂದು ಬಿಂದುವಿಗೂ ಬೇರೆ ಬೇರೆ ಕೀಲಿಕೈ ಇರಬಹುದು, ಎರಡನೆಯದರಲ್ಲಿ ಎಲ್ಲ ಬಿಂದುಗಳಿಗೂ ಒಂದೇ ಇರಬೇಕು. ಇಂಗ್ಲಿಷ್ ವಾಕ್ಯದಲ್ಲಿ ಈ ಪದಗಳು ಯಾವ ಕ್ರಮದಲ್ಲಿ ನಿಂತಿವೆ ಎಂಬುದನ್ನು ಗಮನಿಸುವಷ್ಟು ಆ ಭಾಷೆಯಲ್ಲಿ ಪಳಗದ ಹುಡುಗನಿಗೆ ಎರಡು ವಾಕ್ಯಗಳೂ ಒಂದೇ ಮಂತ್ರದ ಎರಡು ಪಾಠಾಂತರಗಳಂತೆ ಕಾಣುತ್ತವೆ. ಆತನ ಸೋಲನ್ನು ನಾವು ಗಣಿತದ ಸೋಲೆಂದು ಬರೆದುಕೊಳ್ಳುತ್ತೇವೆ.

ದೇಶಭಾಷೆಗೆ ಉಪಪತ್ತಿಯ ಭಾರವನ್ನು ಹೊರುವ ಶಕ್ತಿಯಿಲ್ಲ ಎನ್ನುವವರಿಗೆ ನೆರೆಯ ಕೇರಳವು ಸುಮಾರು ಐನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಜ್ಯೇಷ್ಠದೇವನು ಸುಮಾರು ೧೫೩೦ರಲ್ಲಿ ರಚಿಸಿದ 'ಯುಕ್ತಿಭಾಷಾ' ಗ್ರಂಥವು ಮಲಯಾಳದ ಗದ್ಯದಲ್ಲಿದೆ. ಪರಿಧಿಗೂ ವ್ಯಾಸಕ್ಕೂ ಇರುವ ಸಂಬಂಧವನ್ನು ಅನಂತ ಶ್ರೇಢಿಯಿಂದ ಪಡೆಯುವ ಮಾಧವನ ಫಲಿತಗಳನ್ನು ಅದು ಬರಿದೆ ಹೇಳಿ ಬಿಡುವುದಿಲ್ಲ. ವೃತ್ತವನ್ನು ಹೇಗೆ ಸೀಳಬೇಕು, ಚಿಕ್ಕ ಚಿಕ್ಕ ತುಂಡುಗಳನ್ನು ಹೇಗೆ ಕೂಡಿಸಬೇಕು ಎಂದು ಶಿಷ್ಯನ ಕೈಹಿಡಿದು ನಡೆಸುತ್ತದೆ. ಸೂತ್ರಗಳು ಸಂಸ್ಕೃತದ ಶ್ಲೋಕಗಳಲ್ಲಿ ಆಗಲೇ ಇದ್ದವು. ಯುಕ್ತಿಯನ್ನು ತಿಳಿಸಬೇಕಾಗಿ ಬಂದಾಗ ಆ ಗುರುವು ಮನೆಮಾತನ್ನು ಆರಿಸಿಕೊಂಡನು. ಈ ಆಯ್ಕೆಯು ನಮ್ಮ ಅಧ್ಯಾಪಕ ವರ್ಗದ ಗಮನವನ್ನು ಸಾಕಷ್ಟು ಸೆಳೆದಿಲ್ಲ.

ನಮ್ಮಲ್ಲೂ ಉಂಟು ಎಂದು ಕೂಡಲೇ ಎದೆ ತಟ್ಟಿಕೊಳ್ಳುವುದು ಬೇಡ. ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದುದು ನಮ್ಮ ಹೆಮ್ಮೆಯೇ ಸರಿ. ಆದರೆ ಹೆಸರೇ ಹೇಳುವಂತೆ ಅದು ವ್ಯವಹಾರಕ್ಕೆ ಬೇಕಾದ ಲೆಕ್ಕ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಒಂದು ಬಾಗಿಲು ತೆರೆದಿತ್ತು. ಪತ್ರಿಕೆಯು ಬಹುಕಾಲ ಬಾಳಲಿಲ್ಲ.

ಹಾಗೆಂದು ಎಂ.ಎಸ್‌ಸಿ. ಪಠ್ಯಗಳನ್ನೆಲ್ಲ ಕನ್ನಡಿಸಿಬಿಡಬೇಕೆಂಬುದು ನಮ್ಮ ಮತವಲ್ಲ. ಗಣಿತದ ಸಂಶೋಧನ ಲೇಖನಗಳು ಇಂಗ್ಲಿಷಿನಲ್ಲಿ ಬರುತ್ತಿವೆ, ವಿದ್ಯಾರ್ಥಿಯು ಅದನ್ನು ಓದಿ ಬರೆಯಲು ಕಲಿಯಲೇಬೇಕು. 'ಕಾಂಪ್ಯಾಕ್ಟ್' ಎಂಬುದಕ್ಕೆ 'ಸಂಹತ' ಎಂಬ ಪಾರಿಭಾಷಿಕವನ್ನು ಸಮಿತಿಯೊಂದು ಗೊತ್ತುಮಾಡಿದೊಡನೆ ಅರ್ಥವು ತಾನಾಗಿ ಇಳಿದು ಬಾರದು. ಕಾಂಪ್ಯಾಕ್ಟ್ ಎಂದೇ ಇದ್ದರೂ ಬಾಧಕವಿಲ್ಲ. ನಾವು ಕೇಳುವುದು ಇಷ್ಟು: ತರಗತಿಯಲ್ಲಿ ವಿದ್ಯಾರ್ಥಿಯು ಎದ್ದು ನಿಂತು ತನಗೆ ಬರುವ ಭಾಷೆಯಲ್ಲಿ ಅನುಮಾನವನ್ನು ಹೇಳಿದರೆ, ಹಿಂದಿನ ಬೆಂಚಿನವರು ನಗದಂತೆಯೂ ಮುಂದೆ ನಿಂತವರು ಮುಖ ಸಿಂಡರಿಸದಂತೆಯೂ ಇರಬೇಕು.

ಕೆಲವು ಕಡೆ ಕೆಲಸ ನಡೆದಿದೆ. ೧೯೯೩ರಲ್ಲಿ ಪ್ರೊಫೆಸರ್ ಎಸ್. ಕುಮರೇಶನ್ ಅವರು ಆರಂಭಿಸಿದ, ರಾಷ್ಟ್ರೀಯ ಉನ್ನತ ಗಣಿತ ಮಂಡಲಿಯ ನೆರವಿನಿಂದ ಬೆಳೆದ ಬೇಸಗೆಯ ಶಿಬಿರಗಳಲ್ಲಿ ಅಧ್ಯಾಪಕನು ಉಪನ್ಯಾಸ ಮಾಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾನೆ. ಉದಾಹರಣೆ ಕೊಡು, ಈ ನಿಬಂಧನೆಯನ್ನು ಕಿತ್ತುಹಾಕಿದರೆ ಪ್ರಮೇಯವು ಎಲ್ಲಿ ಮುರಿಯುತ್ತದೆ ತೋರಿಸು ಎಂದು ಬೆನ್ನಟ್ಟುತ್ತಾನೆ. ಎರಡು ಸೆಮಿಸ್ಟರುಗಳಲ್ಲಿ ತಿಳಿಯದುದು ನಾಲ್ಕು ವಾರಗಳಲ್ಲಿ ತಿಳಿಯಿತೆಂದು ಹೇಳುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಬೇಸಗೆಯಲ್ಲಿ ಸಾಧ್ಯವಾಗುವುದು ಮಳೆಗಾಲದಲ್ಲಿ ಏಕೆ ಸಾಧ್ಯವಾಗದೋ ತಿಳಿಯದು. ಈಗ ಅಂತರಜಾಲದಲ್ಲಿ ಮಹಾವಿದ್ವಾಂಸರ ಉಪನ್ಯಾಸಗಳೇ ಬೆರಳತುದಿಗೆ ದೊರಕುತ್ತವೆ, ಸಂತೋಷ; ಆದರೆ ಪರದೆಯ ಮೇಲಿನ ಆ ಮಹನೀಯರು ಎದುರಿಗೆ ಕುಳಿತವನ ಮುಖವನ್ನು ನೋಡಿ ಮಾತನ್ನು ನಿಲ್ಲಿಸಲಾರರು.

ಈ ವಿದ್ಯೆಯನ್ನು ಹಿಡಿದವರು ಅನ್ನಕ್ಕಾಗಿ ಪಡುವ ಪಾಡೂ ಹೊಸತಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ನಪಾಸಾಗಿದ್ದ ರಾಮಾನುಜನ್ನರಿಗೆ ೧೯೧೩ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ ೭೫ ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟಿತು. ಪದವಿಯಿಲ್ಲದವರಿಗೆ ವಿಶ್ವವಿದ್ಯಾನಿಲಯವೊಂದು ತೋರಿದ ಆ ಧೈರ್ಯವು ಇಂದಿನ ನಿಯಮಾವಳಿಗಳಲ್ಲಿ ಎಷ್ಟರಮಟ್ಟಿಗೆ ನುಸುಳೀತೋ ಸಂದೇಹ. ನಮ್ಮವರೇ ಆದ ಕೆ. ರಾಮಚಂದ್ರರು ೧೯೩೩ರಲ್ಲಿ ಮಂಡ್ಯದಲ್ಲಿ ಹುಟ್ಟಿದರು; ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಮಾಡಿದರು. ಗಿರಣಿಯಲ್ಲಿ ಗುಮಾಸ್ತೆಯ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ತಮ್ಮಷ್ಟಕ್ಕೆ ಸಂಖ್ಯಾಶಾಸ್ತ್ರದ ಗ್ರಂಥಗಳನ್ನು ಓದಿದ ಆ ತರುಣನಿಗೆ ೧೯೫೮ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಬಾಗಿಲು ತೆರೆಯಿತು. ೧೯೭೮ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ 'ಹಾರ್ಡಿ–ರಾಮಾನುಜನ್ ಜರ್ನಲ್' ಎಂಬ ಪತ್ರಿಕೆಯನ್ನು ಸ್ಥಾಪಿಸಿ, ೨೦೧೧ರಲ್ಲಿ ತೀರಿಕೊಳ್ಳುವವರೆಗೂ ಅವರು ಸಂಖ್ಯೆಗಳ ಸಹವಾಸದಲ್ಲಿಯೇ ಇದ್ದರು. ಅಂಥವರು ಎಲ್ಲಿದ್ದರೂ ಮೇಲೆ ಬರುತ್ತಾರೆ ಎಂದು ಸಮಾಧಾನ ಹೇಳುವವರುಂಟು. ಬಾರದೆ ಹೋದವರ ಲೆಕ್ಕವನ್ನು ಇಟ್ಟವರಾರು? ಪಡಸಾಲೆಯ ನಮ್ಮ ತರುಣನು ರಾಮಚಂದ್ರನಾಗುತ್ತಿದ್ದನೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಅಧ್ಯಾಪಕನಾಗುತ್ತಿದ್ದನು, ಅವನ ಕೈಕೆಳಗೆ ವರ್ಷಕ್ಕೆ ಅರವತ್ತು ಮಕ್ಕಳು ಕಲಿಯುತ್ತಿದ್ದರು.

ಸುಧಾರಣೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಪ್ರಶ್ನಪತ್ರಿಕೆಯಿಂದ ಎನ್ನುತ್ತೇವೆ. ಹಿಂದಿನ ಐದು ವರ್ಷಗಳ ಪ್ರಶ್ನಪತ್ರಿಕೆಗಳನ್ನು ಹರಡಿಕೊಂಡು ಕುಳಿತವನಿಗೆ ಆರನೆಯದರಲ್ಲಿ ಏನು ಬರುವುದೆಂದು ಊಹಿಸುವುದು ಕಷ್ಟವಲ್ಲ. ಆ ಊಹೆಯೇ ಈಗಿನ ವ್ಯಾಸಂಗ. ಪ್ರತಿ ಪತ್ರಿಕೆಯಲ್ಲಿ ಐದರಲ್ಲಿ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿಯು ಹಿಂದೆಂದೂ ಕಾಣದುದಾಗಿರಲಿ. ಅದಕ್ಕೆ ಉತ್ತರವು ಎರಡು ಸಾಲು ಸಾಕು, ಒಂದು ಉದಾಹರಣೆ ಸಾಕು. ಇಂಗ್ಲಿಷಿನಲ್ಲಾದರೂ ಬರೆಯಲಿ, ಕನ್ನಡದಲ್ಲಾದರೂ ಬರೆಯಲಿ. ಮೊದಲನೆಯ ವರ್ಷ ಫಲಿತಾಂಶವು ಕುಸಿಯುವುದು ಖಂಡಿತ. ಪೋಷಕರು ಬರುತ್ತಾರೆ, ಪತ್ರಿಕೆಗಳಿಗೆ ಪತ್ರಗಳೂ ಬರುತ್ತವೆ. ಅವನ್ನು ಪ್ರಕಟಿಸುವ ಹೊಣೆ ನಮಗಿರಲಿ.