ಡಾಕ್ಟರಾಗುವವರಿಗೆ ಕಂಪ್ಯೂಟರ್, ಬಾದನಹಟ್ಟಿಗೇನು ಲಾಭ?

ಡಾಕ್ಟರಾಗುವವರು ನಾಡಿ ಹಿಡಿಯೋದು ಕಲಿತರೆ ಸಾಕು ಎನ್ನುವ ಕಾಲ ಹೋಯಿತು. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ, ಮೊದಲ ತಿಂಗಳ 175 ಗಂಟೆಗಳಲ್ಲಿ 40 ಗಂಟೆಯನ್ನು ಭಾಷೆ ಮತ್ತು ಕಂಪ್ಯೂಟರಿಗೆ ಮೀಸಲಿಟ್ಟಿತು. ಒಳ್ಳೆಯದೇ. ಆದರೆ ಭಾಷೆ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಆದರೆ ಪ್ರಯೋಜನವೇನು? ಎರಡನ್ನೂ ಕೂಡಿಸಿ, ವಿದ್ಯಾರ್ಥಿಗಳಿಂದಲೇ ಕನ್ನಡದಲ್ಲಿ ವೆಬ್‌ಸೈಟ್ ಮಾಡಿಸಿ ಅದಕ್ಕೆ ಅಂಕ ಕೊಟ್ಟರೆ ಹೇಗೆ?

ಇದು ಹಗಲುಗನಸಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2013ರಲ್ಲೇ ಕೊನೇ ವರ್ಷದ ವೈದ್ಯ ವಿದ್ಯಾರ್ಥಿಗಳಿಂದ ವಿಕಿಪೀಡಿಯದ ಆರೋಗ್ಯ ಲೇಖನಗಳನ್ನು ತಿದ್ದಿಸಿ, ಅದನ್ನು ಪಾಠವೆಂದೇ ಲೆಕ್ಕ ಹಿಡಿಯಿತು.

ಕುರುಗೋಡು ತಾಲೂಕಿನ ಬಾದನಹಟ್ಟಿಗೆ ಇದರಿಂದೇನು? ಅದು ರೈತಾಪಿ ಊರು. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋದವನಿಗೆ ಹಾವು ಕಚ್ಚಿದರೆ ಕೈ ಹೋಗುವುದು ಹಗ್ಗಕ್ಕೆ, ಬ್ಲೇಡಿಗೆ; ಈಗೀಗ ಮೊಬೈಲಿಗೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಿಸದೆ ಬೇಗ ಆಸ್ಪತ್ರೆಗೆ ಒಯ್ಯಿರಿ ಎಂಬಿಷ್ಟನ್ನು ಆ ಮೊಬೈಲು ಬಳ್ಳಾರಿ ಸೀಮೆಯ ಕನ್ನಡದಲ್ಲೇ ಹೇಳಬೇಕು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರಕಾರ 2024ರಲ್ಲಿ ಆದೇಶಿಸಿತು. ಬರೀ ಲೆಕ್ಕ ಬರೆದರೆ ಜೀವ ಉಳಿಯದು. ತಿಳಿವಳಿಕೆ ಮನೆ ಮುಟ್ಟಬೇಕು.

1961ರಲ್ಲಿ ಶುರುವಾದ, ಜನ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿಗೆ ಇದು ದೊಡ್ಡ ಖರ್ಚಿನ ಬಾಬಲ್ಲ. ಹುಡುಗರು ಬರೆಯಲಿ, ಪ್ರೊಫೆಸರುಗಳು ತಿದ್ದಲಿ, ಮುಂದಿನ ವರ್ಷದವರು ಹಳತನ್ನು ಪರಿಷ್ಕರಿಸಲಿ. ಇಲ್ಲದಿದ್ದರೆ ಪರೀಕ್ಷೆ ಮುಗಿದ ಮೇಲೆ ಅದೂ ಗೋಡೆಗಂಟಿದ ಹಳೇ ಪೋಸ್ಟರೇ. ತಪ್ಪು ಔಷಧಿ ಒಬ್ಬನಿಗೆ ಕೇಡು. ತಪ್ಪು ಬರಹ ಊರಿಗೇ ಕೇಡು.