ನಮ್ಮ ಹೆಗಲಿಗೂ ಒಂದು ಚೀಲ

ನಡುಗಡ್ಡೆ ಎಂದೊಡನೆ ಬಾಗಲಕೋಟೆ ಜಿಲ್ಲೆಯ ನಮಗೆ ನೆನಪಾಗುವುದು ನೆರೆ. 2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ಭಾಗದ ಹೊಳೆದಂಡೆಯ ಎಷ್ಟೋ ಊರುಗಳನ್ನು ನೀರು ಸುತ್ತುವರಿದಿತ್ತು. ಆದರೆ ನಡುಗಡ್ಡೆಗಳನ್ನು ನೋಡಲೆಂದೇ ಮನೆ ಬಿಟ್ಟು ಹೊರಡುವವರೂ ಜಗತ್ತಿನಲ್ಲಿದ್ದಾರೆ. ಬೆನ್ನಿಗೊಂದು ಚೀಲ, ಜೇಬಿನಲ್ಲಿ ಅಲ್ಪ ಹಣ. ಅಗ್ಗದ ಕೋಣೆಯಲ್ಲಿ ತಂಗಿ, ಊರಿನವರ ದೋಣಿಯಲ್ಲೇ ಕುಳಿತು ಮಾಲ್ದೀವ್ಸ್, ಇಂಡೋನೇಷ್ಯಾ, ಥಾಯ್ಲೆಂಡ್‌ಗಳ ದ್ವೀಪಗಳನ್ನು ಸುತ್ತಿ ಬರುತ್ತಾರೆ.

"ಅದೆಲ್ಲ ನಮಗೆಲ್ಲಿ ಆಗತದ ಬಿಡ್ರಿ" ಎನ್ನುವಿರಾ ಸಹೋದರಿ? ನಿಮ್ಮ ಮಾತು ಸುಳ್ಳಲ್ಲ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಗಳು ಎಲ್ಲೆಲ್ಲಿಗೆ ಹೋಗಿಬಂದಾಳು? ತವರು, ಮದುವೆ, ಮಯ್ಯತ್, ಆಸ್ಪತ್ರೆ. ಗಂಡಸರು ವ್ಯಾಪಾರದ ನೆಪದಲ್ಲಾದರೂ ನಾಲ್ಕು ಊರು ಕಾಣುತ್ತಾರೆ. ಮಕ್ಕಳು ಶಾಲೆಯ ಪ್ರವಾಸಕ್ಕೆ ಹೋಗುತ್ತಾರೆ. ಅವರಿಗೆಲ್ಲ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುವವಳು ಮಾತ್ರ ಅಲ್ಲೇ ಉಳಿಯುತ್ತಾಳೆ. ಏಕೆಂದು ಕೇಳಿದರೆ ಸಿಗುವ ಉತ್ತರ ಒಂದೇ: ಖರ್ಚು.

ಈ ಉತ್ತರಕ್ಕೆ ಈಗ ಮೊದಲಿನ ಬಲವಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತವಾಯಿತು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸದು. ಗುರುತಿನ ಚೀಟಿ ಜೊತೆಗಿರಲಿ. ಮನೆಯ ಲೆಕ್ಕ ಹೇಗೆ ತಿರುಗಿದೆ ನೋಡಿ: ಎಲ್ಲರೂ ಕೂಡಿ ಹೊರಟರೆ ದುಡ್ಡು ಕೊಟ್ಟು ಟಿಕೆಟ್ ಪಡೆಯಬೇಕಾದವರು ನಿಮ್ಮ ಯಜಮಾನರು, ನೀವಲ್ಲ! ಹಾಗಿರುವಾಗ ಖರ್ಚು ಉಳಿಸಲೆಂದು ನಿಮ್ಮನ್ನೇ ಮನೆಯಲ್ಲಿ ಬಿಟ್ಟುಹೋಗುವುದು ಯಾವ ನ್ಯಾಯ?

ಮೊದಲ ಪಾಠವನ್ನು ಹತ್ತಿರದಲ್ಲೇ ಕಲಿಯಿರಿ. ಹೆಗಲಿಗೆ ಚೀಲ ಹಾಕಿಕೊಂಡ ವಿದೇಶಿಯರು ಎಲ್ಲಿಂದಲೋ ಬಂದು ಬಾದಾಮಿಯ ಗುಹೆಗಳನ್ನೂ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲನ್ನೂ ನೋಡಿಹೋಗುತ್ತಾರೆ. ನಾವು ಪಕ್ಕದಲ್ಲಿದ್ದೂ ನೋಡಿರುವುದಿಲ್ಲ. ಒಂದು ರಜಾದಿನ ಮಕ್ಕಳೊಂದಿಗೆ ಹೋಗಿಬನ್ನಿ. ಒಬ್ಬೊಬ್ಬರಿಗೆ ಒಂದೇ ಚೀಲ, ಅವರವರ ಚೀಲ ಅವರವರೇ ಹೊರಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಾಲ್ಕಾರು ದಿನ ಕೆಡುವುದಿಲ್ಲ. ಪ್ರಯಾಣಿಕರಿಗೆ ನಾಲ್ಕು ರಕಅತ್‌ನ ನಮಾಝನ್ನೇ ಎರಡಕ್ಕೆ ಇಳಿಸಿ ಹಗುರಗೊಳಿಸಲಾಗಿದೆ. ನಮ್ಮ ಚೀಲವೇಕೆ ಭಾರವಾಗಬೇಕು?

ಈ ಅಭ್ಯಾಸವಾದ ಮೇಲೆ ಸಮುದ್ರದ ಕಡೆ ನಡೆಯಿರಿ. ನಮ್ಮ ರಾಜ್ಯಕ್ಕೂ ದ್ವೀಪಗಳಿವೆ. ಹುಬ್ಬಳ್ಳಿಯ ಮೇಲೆ ಉಡುಪಿಗೆ ಹೋದರೆ ಸನಿಹದಲ್ಲೇ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು, ಯಾರೋ ಕೆತ್ತಿ ನಿಲ್ಲಿಸಿದಂತೆ ಕಂಬಗಳಾದ ಬಂಡೆಗಳು ಅಲ್ಲಿವೆ. ಖಾಸಗಿ ಬಸ್ಸಿಗೂ ದೋಣಿಗೂ ಹಣ ಕೊಡಬೇಕು. ಅದನ್ನು ಮೊದಲೇ ಎತ್ತಿಡಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಫೋಟೋದ ಆಸೆಗೆ ಬಂಡೆಯ ಅಂಚಿಗೆ ಹೋಗದಿರಿ. ಅಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ.

ಇದೇ ಕರಾವಳಿಯಲ್ಲಿ 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಸಂಚರಿಸಿದ್ದರು. ಹೊನ್ನಾವರದಲ್ಲಿ ಹುಡುಗಿಯರಿಗೆಂದೇ 13 ಶಾಲೆಗಳಿದ್ದುದನ್ನು ಕಂಡು ಬೆರಗಿನಿಂದ ಬರೆದಿಟ್ಟರು. 1343ರಲ್ಲಿ ಮಾಲ್ದೀವ್ಸ್ ದ್ವೀಪಗಳಿಗೆ ಹೋಗಿ ಅಲ್ಲಿ ಖಾಝಿಯೂ ಆದರು. ಮುಂದೆ ಹೊನ್ನಾವರದ ಆಚೆಯ ಕಡಲಿನಲ್ಲಿ ಕಡಲುಗಳ್ಳರು ಉಟ್ಟ ಬಟ್ಟೆಯೊಂದನ್ನು ಬಿಟ್ಟು ಎಲ್ಲವನ್ನೂ ದೋಚಿದರು. ಆದರೂ ಅವರು ಮತ್ತೊಮ್ಮೆ ಆ ದ್ವೀಪಗಳಿಗೆ ಹೊರಟರು. ಪ್ರಯಾಣ ನಡೆಯುವುದು ಪೆಟ್ಟಿಗೆಯ ತೂಕದಿಂದಲ್ಲ, ಮನಸ್ಸಿನಿಂದ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಆ ಮಾತನ್ನು ಗಂಡಸರಿಗೆ ಮಾತ್ರ ಹೇಳಿದ್ದೆಂದು ಯಾರೂ ಬರೆದಿಟ್ಟಿಲ್ಲ. ಪಾಠದಲ್ಲಿ ಸಮುದ್ರ ಬಂದಾಗ ಮಕ್ಕಳು "ಅದು ಆಲಮಟ್ಟಿ ಹಿನ್ನೀರಿನಷ್ಟು ದೊಡ್ಡದಾ?" ಎಂದು ಕೇಳುತ್ತಾರೆ. ಅದಕ್ಕೆ ಕಂಡು ಉತ್ತರಿಸಬಲ್ಲ ತಾಯಿ ಪ್ರತಿ ಮನೆಯಲ್ಲೂ ಇರಲಿ. ಮಳೆಗಾಲ ಮುಗಿಯಲಿ, ಅಷ್ಟರಲ್ಲಿ ವಾರಕ್ಕಿಷ್ಟು ಎಂದು ಡಬ್ಬಿಯಲ್ಲಿ ಹಾಕುತ್ತಾ ಬನ್ನಿ. ಅತ್ತೆಗೆ ಕಾಲು ಗಟ್ಟಿಯಿದ್ದರೆ ಅವರನ್ನೂ ಕರೆಯಿರಿ, ಅವರೂ ಸಮುದ್ರ ಕಂಡಿರಲಾರರು. ಮತ್ತು ಈ ಸಲ ಬುತ್ತಿ ಕಟ್ಟುವಾಗ ನಿಮ್ಮ ಪಾಲಿನ ರೊಟ್ಟಿಯನ್ನೂ ಅದರಲ್ಲೇ ಇಡಿ.